ಬಿಳಿ ಐದರಲ್ಲಿ ಗುಂಯ್‌ಗುಡುವ ಕಂಪ್ಯೂಟರ್

"ಸೌಂಡ್ ಕಾರ್ಡ್ ಹೋಗೇತಂತ್ರಿ, ಹೊಸಾದು ಹಾಕಸ್ಬೇಕಂತ" ಎಂದು ಕಮತಗಿಯ ಹುಡುಗ ಫೋನಿನಲ್ಲಿ ಹೇಳಿದಾಗಲೇ ನನಗೆ ಅನುಮಾನ. ಸೌಂಡ್ ಕಾರ್ಡ್ ಎಂಬ ಬಿಡಿ ಹಲಗೆ ಮನೆಯ ಕಂಪ್ಯೂಟರುಗಳಿಂದ ಮಾಯವಾಗಿ ವರ್ಷಗಳೇ ಆದವು. ಈಗ ಆ ಕೆಲಸ ಮಾಡುವುದು ಮದರ್‌ಬೋರ್ಡಿನ ಮೂಲೆಯಲ್ಲಿ ಕೂತ ಒಂದು ಪುಟ್ಟ ಚಿಪ್. ಅದು ಕೆಡುವುದು ಅಪರೂಪ. ರಿಪೇರಿಯವನೊಬ್ಬ ಆಗಲೇ ಎರಡು ಸಲ ವಿಂಡೋಸ್ ಫಾರ್ಮ್ಯಾಟ್ ಹೊಡೆದಿದ್ದನಂತೆ. ಸದ್ದು ಬರದಿದ್ದರೆ ಫಾರ್ಮ್ಯಾಟ್, ನಿಧಾನವಾದರೆ ಫಾರ್ಮ್ಯಾಟ್, ಮೌಸ್ ಓಡದಿದ್ದರೂ ಫಾರ್ಮ್ಯಾಟ್! ಈ ಒಂದು ಪದ್ಧತಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

ಬಾಗಲಕೋಟೆಯಿಂದ ಶಿರೂರು ದಾಟಿ ಅಮೀನಗಡದ ಕಡೆ ಹೊರಟರೆ ಸಿಗುವ ಕಮತಗಿ ನೇಕಾರರ ಊರು. ಹುಡುಗನ ಮನೆಯ ಮುಂದಿನ ಅಂಕಣದಲ್ಲಿ ಇಳಕಲ್ ಸೀರೆಯ ಕುಣಿಮಗ್ಗ, ಪಡಸಾಲೆಯಲ್ಲಿ ಟಿವಿ, ಅದರ ಪಕ್ಕ ಕಂಪ್ಯೂಟರ್. ಕಂಪ್ಯೂಟರ್ ಬಂದದ್ದು ಮೊಮ್ಮಗನ ಓದಿಗೆ. ಆದರೆ ಸದ್ದು ಬೇಕಾಗಿದ್ದು ಅಜ್ಜನಿಗೆ. ಭಜನಾ ಮೇಳದಲ್ಲಿ ಹಾರ್ಮೋನಿಯಂ ಹಿಡಿದು ಕೂತವರು ಅವರು. ತೊಂಬತ್ತರ ದಶಕದಲ್ಲಿ ತಾವೇ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಕ್ಯಾಸೆಟ್ಟುಗಳು ಒಂದು ಟ್ರಂಕ್ ತುಂಬ ಇವೆ. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಉಮೇದಿನಲ್ಲಿ ಅಜ್ಜ ಮೊಮ್ಮಗ ಇಬ್ಬರೂ ಇದ್ದಾಗ ಯಂತ್ರ ಮೂಕಾಯಿತು.

ಸದ್ದಿನ ದೋಷ ಹುಡುಕುವಾಗ ನಾನು ಮೊದಲು ಕಂಪ್ಯೂಟರನ್ನು ಮುಟ್ಟುವುದೇ ಇಲ್ಲ. ಹಾಡಿನ ಕಡತದಿಂದ ಹೊರಟ ಸದ್ದು ಪ್ಲೇಯರ್, ವಿಂಡೋಸಿನ ಮಿಕ್ಸರ್, ಡ್ರೈವರ್, ಚಿಪ್, ಹಿಂದಿನ ತೂತು, ವೈರು, ಆಂಪ್ಲಿಫೈಯರ್ ಇಷ್ಟನ್ನೂ ದಾಟಿ ಸ್ಪೀಕರಿಗೆ ಮುಟ್ಟಬೇಕು. ಈ ದಾರಿಯನ್ನು ನಡುವೆ ಕಡಿದು ನೋಡಿದರೆ ಅರ್ಧ ಗುಮಾನಿ ಒಂದೇ ಏಟಿಗೆ ಹೋಗುತ್ತದೆ. ಹಾಗಾಗಿ ಸ್ಪೀಕರಿನ ಪಿನ್ನನ್ನು ಕ್ಯಾಬಿನೆಟ್ಟಿನಿಂದ ಕಿತ್ತು, ಅದರ ತುದಿಗೆ ಬೆರಳು ಇಟ್ಟೆ. ಡಬ್ಬಿ "ಬುರ್ರ್" ಎಂದಿತು. ಆಂಪ್ಲಿಫೈಯರ್ ಸರಿಯಿದೆ, ಸ್ಪೀಕರ್ ಸರಿಯಿದೆ, ವೈರೂ ಸರಿಯಿದೆ. ಬೆರಳಿನಿಂದ ಬಂದ ಆ ಬುರ್ರ್ ಏನೆಂಬುದಕ್ಕೆ ಆಮೇಲೆ ಬರುತ್ತೇನೆ, ಈ ಲೇಖನ ಬರೆಯುತ್ತಿರುವುದೇ ಅದರ ಸಲುವಾಗಿ.

ಇನ್ನು ಕಂಪ್ಯೂಟರ್. ಹಾಡು ಹಚ್ಚಿ ವಾಲ್ಯೂಮ್ ಮಿಕ್ಸರ್ ತೆರೆದರೆ ಹಸಿರು ಪಟ್ಟಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಪಟ್ಟಿ ಕುಣಿಯುತ್ತಿದೆ ಎಂದರೆ ವಿಂಡೋಸ್ ತನ್ನ ಪಾಲಿನ ಕೆಲಸ ಮಾಡುತ್ತಿದೆ, ಸದ್ದು ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಇವರು ಈಚೆಗೆ ಮಾನಿಟರ್ ಬದಲಿಸಿ ಎಚ್‌ಡಿಎಂಐ ಕೇಬಲ್ ಹಾಕಿದ್ದರು. ಆ ಕೇಬಲ್ ಚಿತ್ರದ ಜೊತೆ ಸದ್ದನ್ನೂ ಒಯ್ಯುತ್ತದೆ. ವಿಂಡೋಸ್ ಹೊಸ ಮಾನಿಟರನ್ನೇ ಸ್ಪೀಕರ್ ಎಂದು ನಂಬಿ ಭಜನೆಯನ್ನೆಲ್ಲ ಅಲ್ಲಿಗೆ ಸುರಿಯುತ್ತಿತ್ತು. ಆ ಮಾನಿಟರಿಗೋ ಸ್ಪೀಕರೇ ಇಲ್ಲ. ಫಾರ್ಮ್ಯಾಟ್ ಹೊಡೆದರೂ ಹೊಸ ವಿಂಡೋಸ್ ಮತ್ತೆ ಅದೇ ಕೇಬಲ್ ನೋಡಿ ಅದೇ ತೀರ್ಮಾನಕ್ಕೆ ಬಂದಿತ್ತು.

ಕೆಳಗಿನ ಮೂಲೆಯ ಸ್ಪೀಕರ್ ಚಿತ್ರ ಒತ್ತಿ ರಿಯಲ್‌ಟೆಕ್ ಹೆಸರಿನ ಸ್ಪೀಕರ್ ಆರಿಸಲು ಹೋದರೆ ಅದು ಪಿನ್ ಸಿಕ್ಕಿಸಿಲ್ಲ ಎಂದು ತಕರಾರು ತೆಗೆಯಿತು. ಟಾರ್ಚ್ ಬಿಟ್ಟು ನೋಡಿದಾಗ ಹಿಂದಿನ ಹಸಿರು ತೂತಿನ ತಳದಲ್ಲಿ ನೂಲಿನ ಜುಂಗು ಗಟ್ಟಿಯಾಗಿ ಕೂತಿದೆ! ಮಗ್ಗದ ಮನೆಯಲ್ಲಿ ಫ್ಯಾನು, ಟಿವಿ, ದೇವರ ಜಗುಲಿ ಎಲ್ಲದರ ಮೇಲೂ ಇರುವ ಧೂಳು ಅದು. ಕಂಪ್ಯೂಟರ್ ಬಂದ್ ಮಾಡಿ ಹಲ್ಲುಕಡ್ಡಿಯಿಂದ ಕೆದರಿ ತೆಗೆದೆವು. ಪಿನ್ "ಟಕ್" ಎಂದು ಕೂತಿತು. ಭಜನೆ ಬಂತು.

ಎಲ್ಲರ ಮನೆಯಲ್ಲೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ, ನಿಜ. ಪಟ್ಟಿಯಲ್ಲಿ ರಿಯಲ್‌ಟೆಕ್ ಹೆಸರೇ ಕಾಣದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಹುಡುಕಬೇಕು. ಡ್ರೈವರನ್ನು ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದಲೇ ತರಬೇಕು. ಹಸಿರು ಪಟ್ಟಿಯೇ ಕುಣಿಯದಿದ್ದರೆ ಸರ್ವೀಸುಗಳ ಪಟ್ಟಿಗೆ ಹೋಗಿ "ವಿಂಡೋಸ್ ಆಡಿಯೋ" ಎಂಬುದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಹಾಡು ತಡವರಿಸಿ, ಚರಪರ ಎಂದರೆ "ಎನ್‌ಹಾನ್ಸ್‌ಮೆಂಟ್ಸ್" ಎಂಬ ಅಲಂಕಾರಗಳನ್ನೆಲ್ಲ ಬಂದ್ ಮಾಡಿ ನೋಡಬಹುದು. "ನಿಮ್ಮ ಡ್ರೈವರುಗಳನ್ನೆಲ್ಲ ಒಂದೇ ಕ್ಲಿಕ್ಕಿಗೆ ಸರಿಪಡಿಸುತ್ತೇವೆ" ಎನ್ನುವ ಜಾಹೀರಾತಿನ ಸಾಫ್ಟ್‌ವೇರುಗಳನ್ನು ಮಾತ್ರ ಹೊಸ್ತಿಲ ಒಳಗೆ ಬಿಟ್ಟುಕೊಳ್ಳಬೇಡಿ.

ಇವತ್ತಿನ ಈ ರಗಳೆ ಏನೂ ಅಲ್ಲ ಎನ್ನಬೇಕಾದರೆ ಹಿಂದಿನದು ಗೊತ್ತಿರಬೇಕು. 1981ರ ಐಬಿಎಂ ಪಿಸಿಗೆ ಇದ್ದದ್ದು "ಟೀಂಯ್" ಎನ್ನುವ ಒಂದು ಚಿಕ್ಕ ಸ್ಪೀಕರ್ ಅಷ್ಟೆ. 1987ರಲ್ಲಿ ಕೆನಡಾದ ಕ್ವಿಬೆಕ್‌ನಿಂದ ಆಡ್‌ಲಿಬ್ ಕಾರ್ಡ್ ಬಂತು. ಅದನ್ನು ತಂದವರು ಸಂಗೀತದ ಪ್ರಾಧ್ಯಾಪಕರಾಗಿದ್ದ ಮಾರ್ಟಿನ್ ಪ್ರೆವೆಲ್, ಒಳಗಿದ್ದದ್ದು ಯಮಹಾದ ಚಿಪ್. ಎರಡೇ ವರ್ಷದಲ್ಲಿ ಬಂದ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಅದನ್ನು ಹಿಂದೆ ಹಾಕಿತು. ಕ್ರಿಯೇಟಿವ್ ಕಟ್ಟಿದ ಸಿಮ್ ವಾಂಗ್ ಹೂ ಹಾರ್ಮೋನಿಕಾ ನುಡಿಸುತ್ತಿದ್ದವರು, 2023ರ ಜನವರಿಯಲ್ಲಿ ತೀರಿಕೊಂಡರು. ಬಾಯಿಂದ ಊದುವ ಆ ವಾದ್ಯವೂ ನಮ್ಮ ಭಜನೆಯ ಪೆಟ್ಟಿಗೆಯೂ ಒಂದೇ ಕುಲದವು, ಗಾಳಿಗೆ ಅದುರುವ ಹಿತ್ತಾಳೆಯ ರೀಡಿನವು. ಇದನ್ನು ಹೇಳಿದಾಗ ಅಜ್ಜ "ಹೌದನ್ರಿ? ಹಂಗಾರ ನಮ್ಮಾವನ ಅವ" ಎಂದು ಖುಷಿಪಟ್ಟರು. ಆ ಕಾಲದಲ್ಲಿ ಕಾರ್ಡ್ ಹಾಕಿದವರಿಗೆ 220 ಎಂಬ ವಿಳಾಸ, ಐಆರ್‌ಕ್ಯೂ 5, ಡಿಎಂಎ 1 ಬಾಯಿಪಾಠ ಇರಬೇಕಿತ್ತು. ಮೋಡೆಮ್ ಅಥವಾ ಪ್ರಿಂಟರ್ ಅದೇ ಸಂಖ್ಯೆಗೆ ಕೈ ಹಾಕಿದರೆ ಎರಡೂ ನೆಲಕಚ್ಚುತ್ತಿದ್ದವು. ಇಂಟೆಲ್‌ನ ಎಸಿ97 ಬಂದು ಸದ್ದು ಮದರ್‌ಬೋರ್ಡಿಗೆ ಇಳಿಯಿತು, 2004ರಲ್ಲಿ ಎಚ್‌ಡಿ ಆಡಿಯೋ ಬಂತು. ಸ್ಪೀಕರಿಗೆ ಹಸಿರು, ಮೈಕಿಗೆ ಗುಲಾಬಿ, ಹೊರಗಿನ ಟೇಪಿಗೆ ತಿಳಿನೀಲಿ ಎಂಬ ಬಣ್ಣದ ಕಟ್ಟಳೆ ತೊಂಬತ್ತರ ದಶಕದ ಕೊನೆಯದು. ಸದ್ದಿನ ವಿಷಯದಲ್ಲಿ ಕಂಪ್ಯೂಟರ್ ಕಂಪನಿಗಳು ಜನಸಾಮಾನ್ಯರಿಗೆ ಮಾಡಿದ ದೊಡ್ಡ ಉಪಕಾರ ಆ ಬಣ್ಣಗಳೇ ಎಂದು ನನ್ನ ಎಣಿಕೆ.

ಇನ್ನು ಗುಂಯ್.

ಭಜನೆ ಬಂತು ಎಂದೆನಲ್ಲ, ಅದರ ಬೆನ್ನಿಗೇ ಒಂದು ದಪ್ಪ ಗುಂಯ್ ಕೂಡ ಬಂತು. ಹಾಡು ನಿಲ್ಲಿಸಿದರೂ ಅದು ನಿಲ್ಲಲಿಲ್ಲ. ಇದು ಮನೆಯ ಕರೆಂಟಿನ ಸದ್ದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದು ಮುಂದಾಗುತ್ತದೆ. ಅದೇ ಲಯ ಆಂಪ್ಲಿಫೈಯರಿಗೆ ನುಸುಳಿದರೆ 50 ಹರ್ಟ್ಜ್ ಮತ್ತು ಅದರ ದುಪ್ಪಟ್ಟು, ಮುಪ್ಪಟ್ಟು ಸ್ವರಗಳು ಕೇಳುತ್ತವೆ. ಸಣ್ಣ ಸ್ಪೀಕರುಗಳಿಗೆ 50 ನುಡಿಸುವ ತಾಕತ್ತು ಇಲ್ಲದ್ದರಿಂದ ಕಿವಿಗೆ ಬೀಳುವುದು ಹೆಚ್ಚಾಗಿ 100. ಪಿನ್ನಿಗೆ ಬೆರಳು ಇಟ್ಟಾಗ ಬುರ್ರ್ ಎಂದದ್ದೂ ಇದೇ. ಗೋಡೆಯ ವೈರಿಂಗಿನ ಕರೆಂಟನ್ನು ನಮ್ಮ ಮೈ ಆಂಟೆನಾದಂತೆ ಹಿಡಿದು ಕೊಡುತ್ತದೆ.

ಇಲ್ಲಿ ನುಸುಳಿದ್ದು ಎಲ್ಲಿಂದ? ಟೇಪು, ಟಿವಿ, ಕಂಪ್ಯೂಟರ್ ಮೂರೂ ಒಂದೇ ಆಂಪ್ಲಿಫೈಯರಿಗೆ ಸೇರಿದ್ದವು. ಟಿವಿಯ ಸೆಟ್‌ಟಾಪ್ ಬಾಕ್ಸಿಗೆ ಬೀದಿಯಿಂದ ಕೇಬಲ್ ವೈರು. ಆ ವೈರಿನ ಹೊರಹೆಣಿಗೆ ಎಲ್ಲೋ ದೂರದಲ್ಲಿ ನೆಲಕ್ಕೆ ಸೇರಿರುತ್ತದೆ, ಕಂಪ್ಯೂಟರಿನ ಮೂರು ಕಾಲಿನ ಪ್ಲಗ್ಗು ಮನೆಯ ಅರ್ಥಿಂಗ್ ಕುಣಿಗೆ. ಎರಡು ಕಡೆ ನೆಲ ಮುಟ್ಟಿದ್ದರಿಂದ ನಡುವೆ ಒಂದು ಸುತ್ತು ಏರ್ಪಟ್ಟಿತ್ತು. ಎರಡೂ ನೆಲಗಳ ವೋಲ್ಟೇಜ್ ಒಂದೇ ಇರುವುದಿಲ್ಲ. ಆ ವ್ಯತ್ಯಾಸವೇ ಸುತ್ತಿನಲ್ಲಿ ಹರಿದು ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಕೇಬಲ್ ವೈರು ಕಿತ್ತೆ, ಗುಂಯ್ ಬಂದ್.

ಕೆಲವರು ಇದಕ್ಕೆ ಪ್ಲಗ್ಗಿನ ದಪ್ಪ ಅರ್ಥ್ ಪಿನ್ನನ್ನೇ ಮುರಿದು ಹಾಕುತ್ತಾರೆ. ದಯವಿಟ್ಟು ಬೇಡ. ಅರ್ಥ್ ಇಲ್ಲದ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಎನ್ನುವುದು ಎಷ್ಟೋ ಮನೆಗಳಲ್ಲಿ ದಿನದ ಅನುಭವ. ಒಳಗೆ ಒಂದು ಬಿಡಿಭಾಗ ಕೆಟ್ಟರೆ ಅದು ಜುಮ್ ಎಂಬಲ್ಲಿಗೆ ನಿಲ್ಲುವುದಿಲ್ಲ. ಇನ್ನೊಂದು ಮಾತು. ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಕುಣಿ ಕೆಲಸ ಮಾಡುವುದು ಹಸಿ ಇದ್ದಾಗ. ಬಾಗಲಕೋಟೆ ಸೀಮೆಯ ಬಿಸಿಲಿಗೆ ಏಪ್ರಿಲ್ ಹೊತ್ತಿಗೆ ಅದು ಒಣಗಿ ಬೆಂಡಾಗಿರುತ್ತದೆ. ಆಗಾಗ ಎರಡು ಕೊಡ ನೀರು ಹೊಯ್ದರೆ ಕಂಪ್ಯೂಟರಿಗೂ ಒಳ್ಳೆಯದು, ಮನೆಮಂದಿಗೂ ಒಳ್ಳೆಯದು.

ಆದರೆ ನನ್ನನ್ನು ಇವತ್ತಿಗೂ ಬಿಡದೆ ಕಾಡುತ್ತಿರುವುದು ಕೇಬಲ್ ಕೀಳುವ ಮೊದಲು ಅಜ್ಜ ಆಡಿದ ಮಾತು. ಕ್ಯಾಸೆಟ್ ಓಡುತ್ತಿದ್ದಾಗ ಗುಂಯ್ ಸಮನಾಗಿರದೆ ಅಲೆಅಲೆಯಾಗಿ ಏರಿಳಿಯುತ್ತಿತ್ತು. ನಾನು ವೈರು ಸಡಿಲವಿರಬೇಕು ಎಂದು ತಡಕಾಡುತ್ತಿದ್ದೆ. ಅಜ್ಜ ಕಣ್ಣು ಮುಚ್ಚಿ ಕೇಳಿ, "ಎರಡ ಸುರ ಅದಾವ್ರಿ ಇದರಾಗ, ಒಂದಕ್ಕೊಂದು ಕೂಡವಲ್ವು" ಎಂದರು. ಹಾರ್ಮೋನಿಯಂ ಪೆಟ್ಟಿಗೆ ತಂದು ಕೆಳಗಿನ ಸಪ್ತಕ ಒತ್ತಿದರು. "ಒಂದು ಬಿಳಿ ಐದು, ಚೂರು ಏರು. ಇನ್ನೊಂದು ಕರಿ ನಾಕರ ಬಗಲಾಗ."

ಲೆಕ್ಕ ಹಾಕಿ ನೋಡಿ. ಬಿಳಿ ಐದರ, ಅಂದರೆ ಸಪ್ತಕದ ಐದನೆಯ ಬಿಳಿ ಮನೆಯ, ಆ ಸ್ವರ ಸುಮಾರು 98 ಹರ್ಟ್ಜ್. ಕರೆಂಟಿನ 100 ಅದಕ್ಕಿಂತ ಚೂರು ಏರು. ಅಜ್ಜ ಹೇಳಿದ್ದು ತಕ್ಕಡಿಯಲ್ಲಿಟ್ಟಷ್ಟು ಸರಿ! (ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್. ಅಲ್ಲಿನ ಗುಂಯ್ ಕರಿ ಐದಕ್ಕೂ ಬಿಳಿ ಏಳಕ್ಕೂ ನಟ್ಟನಡುವೆ ಬೀಳುತ್ತದೆ, ಯಾವ ಪೆಟ್ಟಿಗೆಗೂ ಹೊಂದುವುದಿಲ್ಲ.) ಕೇಬಲ್ ಕಿತ್ತ ಮೇಲೆ ಬಿಳಿ ಐದು ಹೋಯಿತು, ಕರಿ ನಾಲ್ಕು ಉಳಿಯಿತು. ಏಕೆಂದರೆ ಅದು ಕ್ಯಾಸೆಟ್ಟಿನ ಒಳಗೇ ಇತ್ತು. ಆ ಭಜನೆ ತುಂಬಿಸಿಕೊಂಡ ರಾತ್ರಿ ಗುಡಿಯಲ್ಲಿ ಮೈಕ್ ಸೆಟ್ಟಿನ ಗುಂಯ್ ಕೂಡ ಭಜನೆಯ ಜೊತೆ ಟೇಪಿಗೆ ಇಳಿದಿತ್ತು. ಅಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಅಳೆದಾಗ 103ರ ಆಸುಪಾಸು ತೋರಿಸಿತು. ಅಂದರೆ ಟೇಪು ನೂರಕ್ಕೆ ಮೂರರಷ್ಟು ಬಿರುಸಾಗಿ ಓಡುತ್ತಿದೆ ಎಂದು ತೀರ್ಮಾನಿಸಿದೆ.

ಅಜ್ಜ ಒಪ್ಪಲಿಲ್ಲ. "ನಾ ಹಾಡಿದ್ದು ಬಿಳಿ ಎರಡರಾಗ. ಇದು ಕರಿ ಎರಡಕ್ಕ ಕೇಳ್ತೈತಿ" ಎಂದು ಅದೇ ಹಳೆಯ ಪೆಟ್ಟಿಗೆಯ ಮೇಲೆ ಒತ್ತಿ ತೋರಿಸಿದರು. ಅರ್ಧ ಸ್ವರದ ಅಂತರ ಎಂದರೆ ನೂರಕ್ಕೆ ಆರು ಹತ್ತಿರ. ಕರೆಂಟು ಮೂರು ಎನ್ನುತ್ತದೆ, ಹಾರ್ಮೋನಿಯಂ ಆರು ಎನ್ನುತ್ತದೆ. ಎರಡೂ ನಿಜವಾಗಬೇಕಾದರೆ ಆ ರಾತ್ರಿ ಕಮತಗಿಯ ಕರೆಂಟು 50ರಲ್ಲಿ ಇರಲಿಲ್ಲ, 48.6ರ ಸುಮಾರಿಗೆ ಇತ್ತು ಎನ್ನಬೇಕು.

ಅದು ಅಸಂಭವವೇನಲ್ಲ. ತೊಂಬತ್ತರ ದಶಕದಲ್ಲಿ ಬೇಡಿಕೆಗೆ ತಕ್ಕ ವಿದ್ಯುತ್ ಇಲ್ಲದೆ ದಕ್ಷಿಣದ ಜಾಲದ ಆವರ್ತನ 49ಕ್ಕೂ ಕೆಳಗೆ ಕುಸಿಯುವುದು ಮಾಮೂಲಾಗಿತ್ತು. ಮಿತಿ ಮೀರಿ ಎಳೆದುಕೊಂಡ ರಾಜ್ಯಗಳಿಗೆ ಹೆಚ್ಚು ದರ ಬೀಳುವ ಪದ್ಧತಿ ದಕ್ಷಿಣಕ್ಕೆ 2003ರ ಜನವರಿಯಲ್ಲಿ ಬಂದ ಮೇಲೆ ಅದು ಹದಕ್ಕೆ ಬಂತು. ಆಗಿನ್ನೂ ನಮ್ಮ ಜಾಲ ಬೇರೆ, ಉತ್ತರದ್ದು ಬೇರೆ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತ ಕತ್ತಲಾದಾಗ ನಮ್ಮ ದೀಪ ಆರದೆ ಉಳಿದದ್ದು ಅದಕ್ಕೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ಎರಡೂ ಒಂದಾದವು. ಅಂದಿನಿಂದ ಕಮತಗಿಯ ಗುಂಯ್, ದಿಲ್ಲಿಯ ಗುಂಯ್ ಒಂದೇ ಶ್ರುತಿ. ಜಾಲದ ಈ ಏರಿಳಿತವನ್ನೇ ಹಿಡಿದು, ರೆಕಾರ್ಡಿಂಗ್ ಯಾವ ಹೊತ್ತಿನದು ಎಂದು ಪತ್ತೆ ಹಚ್ಚುವ ವಿದ್ಯೆ ವಿಧಿವಿಜ್ಞಾನದಲ್ಲಿ ಬೆಳೆದಿದೆ. ಅದಕ್ಕಾಗಿ ಲಂಡನ್ ಪೊಲೀಸರು ಕರೆಂಟಿನ ಗುಂಯ್ ಅನ್ನು ಹಗಲು ರಾತ್ರಿ ದಾಖಲಿಸಿ ಇಟ್ಟುಕೊಂಡವರು.

ಹಳೆಯ ಪೆಟ್ಟಿಗೆಯ ರೀಡು ಇಷ್ಟು ವರ್ಷದಲ್ಲಿ ಇಳಿದಿರಬಹುದು, ಆಗ ನನ್ನ 48.6 ಬಿದ್ದುಹೋಗುತ್ತದೆ. ಇದನ್ನು ಅಜ್ಜನ ಎದುರು ಹೇಳಿದೆ. "ನಮ್ಮ ಪೆಟಿಗಿ ಹಂಗ ಇಳಿಯಾಂಗಿಲ್ರಿ" ಎಂದು ಮುಖ ಗಂಟಿಕ್ಕಿದರು. ಟೇಪಿನ ವೇಗವನ್ನು ಪೆಟ್ಟಿಗೆಗೆ ಹೊಂದಿಸುವುದೆಂದು ಮನೆಯಲ್ಲಿ ಠರಾವಾಯಿತು. ಅಡಾಸಿಟಿಯಲ್ಲಿ ನೂರಕ್ಕೆ ಆರರ ಆಸುಪಾಸು ವೇಗ ಇಳಿಸಿದಾಗ ಧ್ವನಿ ಎಳೆಯ ಹುಡುಗನದ್ದು ಹೋಗಿ ನಡುವಯಸ್ಸಿನ ಗಂಡಸಿನದ್ದಾಯಿತು. ಮಗ್ಗದ ಕುಣಿಯಲ್ಲಿ ಕೂತಿದ್ದ ಸೊಸೆ ಅಲ್ಲಿಂದಲೇ, "ಈಗ ಮಾಂವಾರ ದನಿ ಬಂತ ನೋಡ್ರಿ" ಎಂದರು.

ಗುಂಯ್ ಹುಟ್ಟಿಸಿದ ಆ ನೆಲದ ಸುತ್ತು ಕಡಿಯಲು ಸುಲಭದ ಉಪಾಯಗಳಿವೆ. ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಎಂಬ ಡಬ್ಬಿಯನ್ನು ಟಿವಿಗೂ ಆಂಪ್ಲಿಫೈಯರಿಗೂ ನಡುವಿನ ವೈರಿನಲ್ಲಿ ಸಿಕ್ಕಿಸಿದರೆ ಸಾಕು, ಸಾಮಾನ್ಯವಾಗಿ ಕೆಲವು ನೂರು ರೂಪಾಯಿಯ ಮಾತು. ಬ್ಲೂಟೂತ್ ಸ್ಪೀಕರಿಗೆ ವೈರೇ ಇಲ್ಲದ್ದರಿಂದ ಗುಂಯ್ ಬರಲು ದಾರಿಯೇ ಇಲ್ಲ. ಆದರೆ ಅದರಲ್ಲಿ ಸದ್ದು ಕಣ್ಣು ಮಿಟುಕಿಸುವಷ್ಟು ತಡವಾಗಿ ಬರುತ್ತದೆ. ಹಳೆಯ ಭಜನೆಯ ಜೊತೆಗೆ ಪೆಟ್ಟಿಗೆ ನುಡಿಸುತ್ತ ಕಂಪ್ಯೂಟರಿಗೆ ಹೊಸದಾಗಿ ತುಂಬಿಸಲು ಹೊರಟ ಅಜ್ಜನಿಗೆ ಆ ತಡ ಹಿಡಿಸಲಿಲ್ಲ. ಐಸೊಲೇಟರ್ ತರಿಸಿರಿ ಎಂದದ್ದಕ್ಕೆ ಹುಡುಗ, "ಕೇಬಲ್ ಕಿತ್ರ ಪುಕ್ಕಟ ಆಗ್ತೈತಲ್ರಿ" ಎಂದ. ಅದಕ್ಕೆ ಸೊಸೆ ಕೊಟ್ಟ ಅನುಮತಿ ಷರತ್ತಿನದು: ಧಾರಾವಾಹಿಗಳೆಲ್ಲ ಮುಗಿಯುವ ತನಕ ವೈರಿಗೆ ಕೈ ಹಚ್ಚಬಾರದು. ಹಾಗಾಗಿ ಟ್ರಂಕಿನ ಕ್ಯಾಸೆಟ್ಟುಗಳು ಸದ್ಯ ರಾತ್ರಿ ಹತ್ತೂವರೆಯ ನಂತರ ಒಂದೊಂದಾಗಿ ಇಳಿಯುತ್ತಿವೆ.