ನಾರಿನ ಮೇಲ್ಮೈ ಸಂಸ್ಕರಣೆ

ನಾರಿನ ಮೇಲ್ಮೈ ಸಂಸ್ಕರಣೆ ಎಂದರೆ ಪಾಲಿಮರ್ ಸಂಯುಕ್ತ ವಸ್ತುವಿನಲ್ಲಿ ಬಳಸುವ ನಾರು ರಾಳಕ್ಕೆ ಗಟ್ಟಿಯಾಗಿ ಅಂಟುವಂತೆ ಅದರ ಹೊರಮೈಯನ್ನು ಮಾರ್ಪಡಿಸುವ ವಿಧಾನ. ಸಂಯುಕ್ತ ವಸ್ತುವಿನಲ್ಲಿ ನಾರು ಭಾರವನ್ನು ಹೊರುತ್ತದೆ. ರಾಳವು ನಾರುಗಳನ್ನು ಹಿಡಿದಿಟ್ಟು ಭಾರವನ್ನು ಅವುಗಳಿಗೆ ದಾಟಿಸುತ್ತದೆ. ಹಳ್ಳಿಯ ಗೋಡೆಗೆ ಮೆತ್ತುವ ಮಣ್ಣಿನಲ್ಲಿ ಹುಲ್ಲು ಬೆರೆಸುವುದೂ ಇದೇ ತತ್ತ್ವದ ಹಳೆಯ ರೂಪ.

ಸಸ್ಯನಾರಿನ ತೊಡಕು

ಸಿಂಧನೂರು ತಾಲ್ಲೂಕಿನ ದಢೇಸುಗೂರು ಸೀಮೆಯು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಇಲ್ಲಿ ನೆಲ್ಲುಹುಲ್ಲಿಗೆ ಕೊರತೆಯಿಲ್ಲ. ರಾಯಚೂರು ಭಾಗದಲ್ಲಿ ಪುಂಡಿಯೂ ಪರಿಚಿತ ಬೆಳೆ: ಎಲೆ ಪಲ್ಯಕ್ಕೆ, ಕಾಂಡ ನಾರಿಗೆ. ಪುಂಡಿಯ ಕಟ್ಟುಗಳನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಹಗ್ಗ ಹೊಸೆಯುತ್ತಾರೆ. ಇಂತಹ ನಾರುಗಳನ್ನು ಹಾಗೆಯೇ ಪ್ಲಾಸ್ಟಿಕ್ಕಿಗೆ ಬೆರೆಸಿದರೆ ಅವು ಸರಿಯಾಗಿ ಹೊಂದುವುದಿಲ್ಲ. ನಾರಿನ ಸೆಲ್ಯುಲೋಸ್ ನೀರನ್ನು ಬಯಸುತ್ತದೆ. ಪಾಲಿಪ್ರೊಪಿಲೀನ್‌ನಂತಹ ಪಾಲಿಮರ್ ನೀರನ್ನು ದೂರವಿಡುತ್ತದೆ. ನೆಲ್ಲುಹುಲ್ಲಿನ ತೊಡಕು ಇನ್ನೂ ಹೆಚ್ಚು, ಏಕೆಂದರೆ ಅದರ ಹೊರಮೈಯಲ್ಲಿ ಮೇಣದ ಪದರವೂ ಸಿಲಿಕಾವೂ ಇವೆ.

ಕ್ಷಾರ ಸಂಸ್ಕರಣೆ

ಅತ್ಯಂತ ಅಗ್ಗದ ಉಪಾಯ ಕಾಸ್ಟಿಕ್ ಸೋಡಾ. ಹತ್ತಿ ಬಟ್ಟೆಯ ಮೇಲೆ ಇದರ ಪರಿಣಾಮವನ್ನು ಗುರುತಿಸಿದ ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಹಕ್ಕುಪತ್ರ ಪಡೆದನು. ಆದ್ದರಿಂದ ಈ ಕ್ರಿಯೆಗೆ ಮರ್ಸರೀಕರಣವೆಂಬ ಹೆಸರು. ಸುಮಾರು ಶೇ. 5ರ ದ್ರಾವಣದಲ್ಲಿ ನೆನೆಸಿದ ನಾರಿನಿಂದ ಮೇಣ, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ನ ಒಂದಂಶ ಕರಗಿಹೋಗುತ್ತವೆ. ನಾರಿನ ಕಟ್ಟು ಸಣ್ಣ ಎಳೆಗಳಾಗಿ ಬಿಡಿಸಿಕೊಂಡು, ಮೇಲ್ಮೈ ಒರಟಾಗಿ, ರಾಳಕ್ಕೆ ಹಿಡಿತ ಸಿಗುತ್ತದೆ. ದ್ರಾವಣ ಅತಿ ತೀಕ್ಷ್ಣವಾದರೆ ಸೆಲ್ಯುಲೋಸ್ ಕೂಡ ಹಾಳಾಗಿ ನಾರು ಬಲಗುಂದುತ್ತದೆ. ಗಾಜಿನ ನಾರಿಗೆ ಸಾಮಾನ್ಯವಾಗಿ ಸಿಲೇನ್ ಲೇಪಿಸುತ್ತಾರೆ. ಅದರ ಅಣುವಿನ ಒಂದು ತುದಿ ಗಾಜಿಗೂ ಇನ್ನೊಂದು ರಾಳಕ್ಕೂ ಬೆಸೆದುಕೊಳ್ಳುತ್ತದೆ.

ಬಿಗಿತ ಮತ್ತು ಬಲ

ಬಿಗಿತವೆಂದರೆ ಬಾಗದಿರುವ ಗುಣ. ಬಲವೆಂದರೆ ಮುರಿಯದಿರುವ ಗುಣ. ಇವೆರಡನ್ನೂ ಒಂದೇ ಎಂದು ಭಾವಿಸುವ ತಪ್ಪು ಸಾಮಾನ್ಯ. ಬಿಗಿತವನ್ನು ಮುಖ್ಯವಾಗಿ ನಿರ್ಧರಿಸುವುದು ನಾರಿನ ಸ್ವಂತ ಬಿಗಿತ, ಪ್ರಮಾಣ, ಉದ್ದ ಮತ್ತು ದಿಕ್ಕು. 72 ಗಿಗಾಪಾಸ್ಕಲ್ ಬಿಗಿತದ ಗಾಜಿನ ಉದ್ದ ನಾರು ಶೇ. 40ರಷ್ಟು, 3 ಗಿಗಾಪಾಸ್ಕಲ್‌ನ ರಾಳ ಶೇ. 60ರಷ್ಟು ಗಾತ್ರದಲ್ಲಿದ್ದರೆ, ನಾರಿನ ದಿಕ್ಕಿನಲ್ಲಿ ಒಟ್ಟು ಬಿಗಿತ ಸುಮಾರು 30.6 ಗಿಗಾಪಾಸ್ಕಲ್. ಈ ಲೆಕ್ಕದಲ್ಲಿ ಅಂಟಿನ ಗುಣಕ್ಕೆ ಪ್ರತ್ಯೇಕ ಪದವೇ ಇಲ್ಲ. ಅದು ಪೂರ್ಣವಾಗಿದೆಯೆಂದೇ ಊಹೆ. ಬಿಗಿತವನ್ನು ಅಳೆಯುವುದು ಎಳೆತದ ಆರಂಭದಲ್ಲಿ. ಆಗ ಸಾಧಾರಣ ಹಿಡಿತವೂ ಸಾಕಾಗುತ್ತದೆ. ಎಳೆತ ಹೆಚ್ಚಿದಂತೆ ದುರ್ಬಲ ಹಿಡಿತ ಸಡಿಲಗೊಂಡು ನಾರು ರಾಳದಿಂದ ಜಾರಿ ಹೊರಬರುತ್ತದೆ. ಹೀಗಾಗಿ ಸಂಸ್ಕರಣೆಯ ಫಲ ಬಿಗಿತಕ್ಕಿಂತ ಬಲದಲ್ಲಿ ಎದ್ದು ಕಾಣುತ್ತದೆ. ತುಂಡುನಾರಿನಲ್ಲಿ ಮಾತ್ರ ಬಿಗಿತಕ್ಕೂ ಹಿಡಿತ ಮುಖ್ಯ, ಏಕೆಂದರೆ ಪ್ರತಿಯೊಂದು ತುಂಡಿಗೂ ಭಾರ ಅದರ ಪಕ್ಕದ ಮೇಲ್ಮೈಯಿಂದಲೇ ದಾಟಬೇಕು.

ಸಂಸ್ಕರಿಸಿದ ನಾರು ತೇವವನ್ನೂ ಕಡಿಮೆ ಹೀರುತ್ತದೆ. ಆದರೆ ಅದನ್ನು ತೊಳೆದ ನೀರು ಕ್ಷಾರಮಯ. ಆಮ್ಲದಿಂದ ತಟಸ್ಥಗೊಳಿಸದೆ ಅದನ್ನು ಕಾಲುವೆಗೆ ಬಿಡುವುದು ಗದ್ದೆಗೂ ದನಕರುಗಳಿಗೂ ಹಾನಿಕರ.