ಲಾಗಿನ್ ಹೆಸರಿನ ಹಿಂದಿನ ಸಂಖ್ಯೆ

ಹಳೆಯ ಗಣಕದ ಕಡತಗಳನ್ನೆಲ್ಲ ಹೊಸ ಲಿನಕ್ಸ್ ಗಣಕಕ್ಕೆ ಸಾಗಿಸಿ, ಅದೇ ಹೆಸರಿನ ಖಾತೆ ತೆರೆದು, ಅದೇ ಪಾಸ್‌ವರ್ಡ್ ಕೊಟ್ಟ ಮೇಲೂ ಬಳಕೆದಾರನಿಗೆ ತನ್ನ ಕಡತಗಳನ್ನೇ ತಿದ್ದಲು ಅನುಮತಿ ಸಿಗದಿರುವುದುಂಟು. ಆಗ ಅನುಮಾನ ಮೊದಲು ಪಾಸ್‌ವರ್ಡಿನ ಮೇಲೆ ಹೋಗುವುದು ಸಹಜವಾದರೂ, ದೋಷವಿರುವುದು ಬಹುಮಟ್ಟಿಗೆ ಖಾತೆಯ ಸಂಖ್ಯೆಯಲ್ಲಿ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್‌ನ ಸಂಪ್ರದಾಯವನ್ನೇ ಲಿನಕ್ಸ್ ಮುಂದುವರಿಸಿದೆ. ಈ ಸಂಪ್ರದಾಯದಲ್ಲಿ ಪ್ರತಿಯೊಂದು ಖಾತೆಗೂ ‘ಪಾಸ್‌ಡಬ್ಲ್ಯುಡಿ’ ಎಂಬ ಕಡತದಲ್ಲಿ ಒಂದೊಂದು ಸಾಲಿದ್ದು, ಅದರ ಏಳು ಅಂಕಣಗಳಲ್ಲಿ ಹೆಸರು, ಬಳಕೆದಾರ ಸಂಖ್ಯೆಯಾದ ಯುಐಡಿ, ಗುಂಪಿನ ಸಂಖ್ಯೆ, ಖಾಸಗಿ ಕಡತಗಳಿರುವ ಹೋಮ್ ಡೈರೆಕ್ಟರಿಯ ವಿಳಾಸ, ಲಾಗಿನ್ ಆದೊಡನೆ ಆದೇಶ ಸ್ವೀಕರಿಸಲು ಸಿದ್ಧವಾಗುವ ಶೆಲ್ ಮುಂತಾದವು ನಮೂದಾಗಿರುತ್ತವೆ. ಪಾಸ್‌ವರ್ಡಿನ ಗೂಢರೂಪ ಮಾತ್ರ ಈಗ, ಸಾಮಾನ್ಯ ಬಳಕೆದಾರರು ಓದಲಾಗದ ‘ಶ್ಯಾಡೊ’ ಎಂಬ ಬೇರೆ ಕಡತದಲ್ಲಿದೆ.

ಡಿಸ್ಕಿನ ಮೇಲೆ ಪ್ರತಿ ಕಡತದ ವಿವರಗಳನ್ನು ಹಿಡಿದಿಡುವ ಐನೋಡ್ ಎಂಬ ದಾಖಲೆಯಲ್ಲಿ ಒಡೆಯನ ಹೆಸರು ಇರುವುದೇ ಇಲ್ಲ, ಯುಐಡಿ ಮಾತ್ರ ಇರುತ್ತದೆ. ಕಡತಪಟ್ಟಿ ತೋರಿಸುವ ‘ಎಲ್‌ಎಸ್’ ಆದೇಶವು ಆ ಸಂಖ್ಯೆಗೆ ತಕ್ಕ ಹೆಸರನ್ನು ಆಯಾ ಗಣಕದಲ್ಲಿ ಹುಡುಕಿ ಮುದ್ರಿಸುತ್ತದೆ. ಇಂದಿನ ಹೆಚ್ಚಿನ ಲಿನಕ್ಸ್ ವಿತರಣೆಗಳು ಸಾಮಾನ್ಯ ಖಾತೆಗಳಿಗೆ 1000ದಿಂದ ಸಂಖ್ಯೆ ಕೊಡುತ್ತವೆಯಾದರೂ ರೆಡ್ ಹ್ಯಾಟ್‌ನ ಹಳೆಯ ಆವೃತ್ತಿಗಳಲ್ಲಿ ಎಣಿಕೆ 500ರಿಂದ ಶುರುವಾಗುತ್ತಿತ್ತು. ಅಲ್ಲಿಂದ ತಂದ ಡಿಸ್ಕನ್ನು ಹೊಸ ಗಣಕಕ್ಕೆ ಜೋಡಿಸಿದಾಗ ಒಡೆಯನ ಹೆಸರಿರಬೇಕಾದ ಕಡೆ ಬರಿಯ 500 ಕಾಣುತ್ತದೆ. ಇದಾದರೂ ಕಣ್ಣಿಗೆ ಬೀಳುವ ದೋಷ. ಹಳೆಯ ಗಣಕದಲ್ಲಿ 1000 ಮತ್ತು 1001 ಎಂದಿದ್ದ ಎರಡು ಖಾತೆಗಳನ್ನು ಹೊಸದರಲ್ಲಿ ಹಿಂದುಮುಂದಾಗಿ ತೆರೆದರೆ ಒಬ್ಬರ ಕಡತಗಳು ಇನ್ನೊಬ್ಬರ ವಶಕ್ಕೆ ಹೋಗುತ್ತವೆ, ಮತ್ತು ವ್ಯವಸ್ಥೆಯ ದೃಷ್ಟಿಯಲ್ಲಿ ಏನೂ ತಪ್ಪಾಗಿಲ್ಲದ ಕಾರಣ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆದ್ದರಿಂದ ಹೆಸರಿನ ಬದಲು ಸಂಖ್ಯೆಯನ್ನೇ ತೋರಿಸುವ ‘ಎಲ್‌ಎಸ್ -ಎಲ್‌ಎನ್’ ಆದೇಶದಿಂದ ತನಿಖೆ ಆರಂಭಿಸಿ, ಸಂಖ್ಯೆ ತಾಳೆಯಾಗದಿದ್ದರೆ ‘ಚೌನ್’ ಆದೇಶದಿಂದ ಒಡೆತನ ಬದಲಿಸುವುದು ಸರಿಯಾದ ಕ್ರಮ.

ಹೋಮ್ ಡೈರೆಕ್ಟರಿಯೇ ಇಲ್ಲದಿರುವುದು ಇನ್ನೊಂದು ಬಗೆ. ಡೆಬಿಯನ್, ಉಬುಂಟುಗಳಲ್ಲಿ ‘ಯೂಸರ್‌ಆ್ಯಡ್’ ಆದೇಶಕ್ಕೆ ‘-ಎಂ’ ಎಂಬ ಸೂಚನೆ ಸೇರಿಸದಿದ್ದರೆ ಖಾತೆ ಹುಟ್ಟುತ್ತದೆಯೇ ಹೊರತು ಡೈರೆಕ್ಟರಿ ಹುಟ್ಟುವುದಿಲ್ಲ. ಚಿತ್ರರೂಪದ ಡೆಸ್ಕ್‌ಟಾಪ್ ತನ್ನ ಗುಪ್ತ ಕಡತಗಳನ್ನು ಅಲ್ಲಿಯೇ ಬರೆಯಬೇಕಾಗಿರುವುದರಿಂದ, ಡೈರೆಕ್ಟರಿ ಇಲ್ಲದಿದ್ದಾಗ, ಅದರ ಒಡೆತನ ತಪ್ಪಿದಾಗ ಅಥವಾ ಡಿಸ್ಕ್ ಭರ್ತಿಯಾದಾಗ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಮರಳಬಹುದು. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬರುವ ಅಕ್ಷರಪರದೆಯಲ್ಲಿ ಲಾಗಿನ್ ಆಗುವುದಾದರೆ ಪಾಸ್‌ವರ್ಡ್ ನಿರ್ದೋಷಿಯೆಂದು ತಿಳಿಯಬಹುದು.

ಇಂಥ ಹೊತ್ತಿನಲ್ಲಿ ಬೇಸತ್ತವರು ಹೋಮ್ ಡೈರೆಕ್ಟರಿಗೆ 777 ಎಂಬ ಅನುಮತಿ ನೀಡಿ, ಎಲ್ಲರಿಗೂ ಓದುವ, ಬರೆಯುವ, ಒಳಹೊಗುವ ಹಕ್ಕು ಕೊಟ್ಟುಬಿಡುವುದು ಬಲು ಜನಪ್ರಿಯ ಮದ್ದು, ಮತ್ತು ಅಷ್ಟೇ ಕೆಟ್ಟ ಮದ್ದು. ದೂರದ ಗಣಕದಿಂದ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಸೇವೆಯು, ಪರರು ಬರೆಯಬಲ್ಲ ಹೋಮ್ ಡೈರೆಕ್ಟರಿಯಲ್ಲಿ ಇಟ್ಟ ಕೀಲಿಯನ್ನು ಯಾರಾದರೂ ಬದಲಿಸಿರಬಹುದೆಂಬ ಕಾರಣಕ್ಕೆ ಅದನ್ನು ನಂಬುವುದಿಲ್ಲ. ಹೀಗಾಗಿ ಅಲ್ಲಿಯವರೆಗೆ ನಡೆಯುತ್ತಿದ್ದ ಕೀಲಿ ಆಧಾರಿತ ಲಾಗಿನ್ ಕೂಡ ನಿಂತುಹೋಗುತ್ತದೆ. ನಿರಾಕರಣೆಯ ನಿಜವಾದ ಕಾರಣವನ್ನು ಸೇವೆಯು ಬಳಕೆದಾರನಿಗೆ ಹೇಳದೆ ತನ್ನ ದಿನಚರಿ ಕಡತದಲ್ಲಿ ಬರೆದಿಡುತ್ತದೆ, ಅದನ್ನು ಓದಲು ಆಡಳಿತಗಾರನ ಅಧಿಕಾರ ಬೇಕು.