ಕಾರ್ಖಾನೆ ಮುಚ್ಚಿತು, ಬಳಗ ಬೆಳೆಯಿತು

ಮೈಸೂರಿನ ಜಾವಾ–ಯೆಜ್ಡಿ ಗಾಡಿಗಳನ್ನು ಇಂದಿಗೂ ಓಡಿಸುತ್ತಿರುವ ಸವಾರರು ಮತ್ತು ಮೆಕ್ಯಾನಿಕ್‌ಗಳ ಪರಿಚಯ

ರಸ್ತೆ ಬದಿ ಕೆಟ್ಟು ನಿಂತ ಜಾವಾ ಕಂಡರೆ ಇನ್ನೊಬ್ಬ ಜಾವಾ ಸವಾರ ಹಾಗೇ ದಾಟಿ ಹೋಗುವುದಿಲ್ಲ. ಗಾಡಿ ಬದಿಗೆ ಹಾಕಿ, ಹೆಸರು ಊರು ಕೇಳುವ ಮೊದಲೇ ‘ಏನಾಯ್ತು ಸಾರ್, ಕರೆಂಟ್ ಬರ್ತಿದ್ಯಾ?’ ಎನ್ನುತ್ತಾನೆ. ಕರೆಂಟ್ ಎಂದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿ. ಪ್ಲಗ್ ಬಿಚ್ಚಿ, ಸಿಲಿಂಡರ್ ಹೆಡ್ಡಿಗೆ ತಾಗಿಸಿ ಹಿಡಿದು, ಒಬ್ಬರು ಕಿಕ್ ಹೊಡೆದರೆ ಇನ್ನೊಬ್ಬರು ಬಗ್ಗಿ ನೋಡುತ್ತಾರೆ. ಕಿಡಿ ಇಲ್ಲದಿದ್ದರೆ ಪಾಯಿಂಟಿನ ಮುಚ್ಚಳ ತೆಗೆದು ಉಜ್ಜುತ್ತಾರೆ. ಕಿಡಿ ಇದ್ದರೆ ಕಾರ್ಬುರೇಟರ್ ಬಿಚ್ಚಿ ಜೆಟ್ ಊದುತ್ತಾರೆ. ಎಂಜಿನ್ ಮತ್ತೆ ಡುಗುಡುಗು ಎಂದ ಮೇಲೆ ಇಬ್ಬರೂ ಹತ್ತಿರದ ಹೋಟೆಲಿಗೆ ಹೋಗಿ ಕಾಫಿ ಕುಡಿಯುತ್ತಾರೆ. ಹೆಸರು, ಊರು, ಫೋನ್ ನಂಬರಿನ ಮಾತು ಬರುವುದು ಆಗಲೇ.

ಈ ಗಾಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದಿನಿಂದ ಇವಕ್ಕೆ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ, ಡೀಲರ್ ಇಲ್ಲ, ಬಿಡಿಭಾಗ ಒದಗಿಸುವ ಗೋದಾಮಿಲ್ಲ. ಸಾಮಾನ್ಯವಾಗಿ ಇಂಥ ಗಾಡಿಗಳು ಹತ್ತು ಹದಿನೈದು ವರ್ಷದಲ್ಲಿ ಗುಜರಿ ಸೇರುತ್ತವೆ. ಜಾವಾ ಮತ್ತು ಯೆಜ್ಡಿಗಳು ಸೇರಲಿಲ್ಲ. ಓಡಿಸುವವರು, ರಿಪೇರಿ ಮಾಡುವವರು, ಬಿಡಿಭಾಗ ಹುಡುಕಿಕೊಡುವವರು ಒಂದಾಗಿ, ಕಂಪನಿ ಮಾಡಬೇಕಿದ್ದ ಕೆಲಸವನ್ನೆಲ್ಲ ತಮ್ಮೊಳಗೇ ಹಂಚಿಕೊಂಡರು. ಕಳಚಿಬಿದ್ದ ಒಂದು ಉದ್ಯಮವನ್ನು ಸ್ನೇಹದ ಬಲದಿಂದಲೇ ಎತ್ತಿ ನಿಲ್ಲಿಸಿದ ಇಂಥ ಉದಾಹರಣೆ ನಮ್ಮ ನಾಡಿನಲ್ಲಿ ಅಪರೂಪ.

ಯಾದವಗಿರಿಯಿಂದ ಹೊರಟ ಗಾಡಿ

ಜಾವಾ ಕಂಪನಿಯನ್ನು 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಟ್ಟಿದವರು ಫ್ರಾಂಟಿಶೆಕ್ ಯಾನೆಚೆಕ್. 1950ರ ದಶಕದಲ್ಲಿ ಮುಂಬಯಿಯ ಇರಾನಿ ಕುಟುಂಬ ಈ ಮೋಟಾರ್ ಸೈಕಲ್ಲುಗಳನ್ನು ತರಿಸಿ ಇಲ್ಲಿ ಮಾರುತ್ತಿತ್ತು. ಪೂರ್ತಿ ಜೋಡಿಸಿದ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ, ಇಲ್ಲೇ ತಯಾರಿಸುವುದೆಂದು ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ತೀರ್ಮಾನಿಸಿದರು. ಅದಕ್ಕೆ ಅವರು ಆರಿಸಿಕೊಂಡ ಊರು ಮೈಸೂರು. ಯಾದವಗಿರಿಯಲ್ಲಿ ಎದ್ದ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್.

1973ರಿಂದ ಇಲ್ಲಿನ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1970ರ ದಶಕದ ಕೊನೆಗೆ ಬಂದ ರೋಡ್‌ಕಿಂಗ್ ಕಾಲೇಜು ಹುಡುಗರ ಕನಸಿನ ಗಾಡಿಯಾಯಿತು. ಕಾಫಿ ತೋಟದ ರೈಟರ್, ಹಳ್ಳಿ ಸುತ್ತುವ ಡಾಕ್ಟರ್, ಕ್ಯಾನು ಕಟ್ಟಿಕೊಂಡು ಹೊರಡುವ ಹಾಲಿನವರು, ಮೂವರನ್ನು ಕೂರಿಸಿಕೊಂಡು ಜಾತ್ರೆಗೆ ಹೊರಡುವ ಸಂಸಾರಸ್ಥರು, ಎಲ್ಲರ ಭಾರವನ್ನೂ ಇದು ಹೊತ್ತಿತು. ಗಾಡಿಗಳು ಹೊರದೇಶಗಳಿಗೂ ಹೋದವು.

ಕೊನೆ ಬಂದದ್ದು ನಿಧಾನವಾಗಿ. 1980ರ ದಶಕದ ನಡುವಿನಲ್ಲಿ ಜಪಾನಿ ಕಂಪನಿಗಳ ಜೊತೆಗೂಡಿ ತಯಾರಾದ 100 ಸಿ.ಸಿ. ಗಾಡಿಗಳು ಮಾರುಕಟ್ಟೆಗೆ ಇಳಿದವು. ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಹೋಗುವ, ಹಗುರವಾದ ಗಾಡಿಗಳವು. 250 ಸಿ.ಸಿ.ಯ ಎರಡು ಸ್ಟ್ರೋಕಿನ ಯೆಜ್ಡಿಗೆ ಆ ಲೆಕ್ಕದಲ್ಲಿ ಗೆಲ್ಲಲು ಆಗಲಿಲ್ಲ. ಕಾರ್ಮಿಕರ ಸಮಸ್ಯೆ, ಹಣದ ಮುಗ್ಗಟ್ಟು, ಬಿಗಿಯಾಗುತ್ತ ಬಂದ ಹೊಗೆ ನಿಯಮಗಳು ಸೇರಿಕೊಂಡವು. ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ ಕಾರ್ಮಿಕರಲ್ಲಿ ಕೆಲವರು ಗ್ಯಾರೇಜ್ ಹಾಕಿಕೊಂಡರು. ಇಂದಿನ ಬಳಗದ ಬೇರು ಇರುವುದು ಈ ಗ್ಯಾರೇಜುಗಳಲ್ಲಿ.

ಕಲಿತವರಿಗೆ ಒಲಿಯುವ ಯಂತ್ರ

ಈ ಗಾಡಿಯನ್ನು ಓಡಿಸಲು ಯಾರಾದರೂ ಕೂತು ಹೇಳಿಕೊಡಬೇಕು. ಎಡಗಡೆ ಇರುವ ಒಂದೇ ಲಿವರ್ ಎರಡು ಕೆಲಸ ಮಾಡುತ್ತದೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಬಾಗಿಸಿದರೆ ಗೇರ್. ಅದೇ ಲಿವರ್ ಒತ್ತಿದಾಗ ಕ್ಲಚ್ ಕೂಡ ತಾನಾಗಿ ಬಿಡುವುದರಿಂದ, ಓಟದಲ್ಲಿರುವಾಗ ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಚೈನಿನ ಮೇಲೆ ಪೂರ್ತಿ ಮುಚ್ಚಿದ ಕವಚ ಇರುವುದರಿಂದ ಪಂಚೆ ಉಟ್ಟವರೂ ಧೈರ್ಯವಾಗಿ ಕೂರುತ್ತಿದ್ದರು. ಹಳೆಯ ಜಾವಾದ ಕೀ ಸಣ್ಣ ಮೊಳೆಯಂತಿದ್ದು, ಒಂದು ಗಾಡಿಯದ್ದು ಇನ್ನೊಂದಕ್ಕೂ ಹೊಂದುತ್ತಿತ್ತು.

ಪೆಟ್ರೋಲಿನ ಜೊತೆಗೆ ಆಯಿಲ್ ಬೆರೆಸಲೇಬೇಕು. ಹಳೆಯ ಲೆಕ್ಕದಲ್ಲಿ 25 ಭಾಗ ಪೆಟ್ರೋಲಿಗೆ 1 ಭಾಗ, ಅಂದರೆ ಲೀಟರಿಗೆ 40 ಮಿಲಿಲೀಟರ್. ಮರೆತರೆ ಪಿಸ್ಟನ್ ಬಿಸಿಯಾಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಒಂದು ಕಾಲಕ್ಕೆ ಬಂಕಿನಲ್ಲೇ ಬೆರೆಸಿ ಕೊಡುತ್ತಿದ್ದರು. ಈಗ ಆ ಯಂತ್ರಗಳು ಕಾಣುವುದು ಕಡಿಮೆಯಾದ್ದರಿಂದ ಸವಾರರೇ 2ಟಿ ಆಯಿಲಿನ ಬಾಟಲಿ ಇಟ್ಟುಕೊಳ್ಳುತ್ತಾರೆ. ಬಂಕಿನಲ್ಲಿ ಅಪರಿಚಿತ ಜಾವಾದವರಿಗೆ ತನ್ನ ಬಾಟಲಿಯಿಂದ ನಾಲ್ಕು ಮುಚ್ಚಳ ಆಯಿಲ್ ಸುರಿದುಕೊಡುವುದು ಇವರಲ್ಲಿ ತೀರಾ ಸಹಜ. ದುಡ್ಡು ಕೊಡಲು ಹೋದರೆ ಬೇಸರ ಮಾಡಿಕೊಳ್ಳುತ್ತಾರೆ.

ಕಿವಿ, ಮೂಗು, ಬೆರಳು

ಜಾವಾ ಮೆಕ್ಯಾನಿಕ್ ಗಾಡಿ ಬಿಚ್ಚುವ ಮುಂಚೆ ಕೇಳಿಸಿಕೊಳ್ಳುತ್ತಾನೆ. ಸ್ಟಾರ್ಟ್ ಮಾಡಿಸಿ, ಒಂದೆರಡು ಸಲ ರೈಸ್ ಮಾಡಿಸಿ, ಸೈಲೆನ್ಸರಿನ ಹಿಂದೆ ಕೈ ಒಡ್ಡಿ ಹೊಗೆಯ ಒತ್ತಡ ನೋಡುತ್ತಾನೆ. ಹೊಗೆ ಮಿತಿಮೀರಿ ಬರುತ್ತಿದ್ದು ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತಿದ್ದರೆ, ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಗೇರ್ ಆಯಿಲನ್ನು ಎಂಜಿನ್ ಒಳಕ್ಕೆ ಎಳೆದುಕೊಂಡು ಉರಿಸುತ್ತಿರುತ್ತದೆ. ಗಾಡಿ ಎಳೆಯುತ್ತಿಲ್ಲ, ಏರು ಹತ್ತುತ್ತಿಲ್ಲ ಎಂದರೆ ಸೈಲೆನ್ಸರಿನೊಳಗೆ ಕಾರ್ಬನ್ ಕಟ್ಟಿರಬಹುದು. ಆಯಿಲ್ ಉರಿದು ಉಳಿದ ಮಸಿ ವರ್ಷಗಟ್ಟಲೆ ಸೇರಿ ಹೊಗೆಯ ದಾರಿಯನ್ನೇ ಮುಚ್ಚುತ್ತದೆ. ಒಳಗಿನ ಬ್ಯಾಫಲ್ ತೆಗೆದು ಬೆಂಕಿಯಲ್ಲಿ ಕಾಯಿಸಿಯೋ, ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿಯೋ ಮಸಿ ಬಿಡಿಸುತ್ತಾರೆ. ಸಿಲಿಂಡರ್ ಹೆಡ್ ಬಿಚ್ಚಿ, ಅಲ್ಯೂಮಿನಿಯಂ ಗೀರಾಗದಂತೆ ಕೆರೆಯುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ಡಿಕಾರ್ಬನ್ ಎಂದು ಹೆಸರು.

ಎಲ್ಲಕ್ಕಿಂತ ನಾಜೂಕಿನ ಕೆಲಸ ಟೈಮಿಂಗ್. ಪಿಸ್ಟನ್ ಮೇಲ್ತುದಿ ಮುಟ್ಟಲು ಇನ್ನು ಕೆಲವೇ ಮಿಲಿಮೀಟರ್ ಇರುವಾಗ ಕಿಡಿ ಹಾರಬೇಕು. ಆ ಕಿಡಿಯ ಸಮಯ ನಿರ್ಧರಿಸುವ ಪಾಯಿಂಟುಗಳ ನಡುವಿನ ಸಂದು 0.4 ಮಿಲಿಮೀಟರ್ ಇರಬೇಕು. ಅದು ತುಸು ತಪ್ಪಿದರೂ ಕಿಕ್ಕರ್ ಹಿಂದಕ್ಕೆ ಒದೆಯುತ್ತದೆ, ಇಲ್ಲವೇ ಎಂಜಿನ್ ಕಾದು ಸುಸ್ತಾಗುತ್ತದೆ. ಫೀಲರ್ ಗೇಜ್ ಹಾಕಿ ಅಳೆದ ಮೇಲೂ ಅನುಭವಿಗಳು ಕಿವಿಗೊಟ್ಟೇ ಕೊನೆಯ ತೀರ್ಪು ಕೊಡುತ್ತಾರೆ.

ಈ ಕಸುಬು ಒಬ್ಬರಲ್ಲೇ ಇರುವಂಥದ್ದಲ್ಲ. ಸಿಲಿಂಡರ್ ಬೋರ್ ಮಾಡುವ ಲೇತ್ ಕೆಲಸದವರು, ಕ್ರ್ಯಾಂಕ್ ಬಿಚ್ಚಿ ಹೊಸ ಬೇರಿಂಗ್ ಕೂರಿಸಿ ಕೂದಲೆಳೆಯಷ್ಟೂ ಓರೆಯಾಗದಂತೆ ಜೋಡಿಸುವವರು, ಕ್ರೋಮ್ ಹಾಕುವವರು, ಸೀಟ್ ಹೊಲಿಯುವವರು ಬೇರೆ ಬೇರೆ. ಟ್ಯಾಂಕಿನ ಮೇಲೆ ಚಿನ್ನದ ಬಣ್ಣದ ಗೆರೆಯನ್ನು ಕುಂಚ ಹಿಡಿದು ಒಂದೇ ಉಸಿರಿನಲ್ಲಿ ಎಳೆಯಬಲ್ಲ ಪೇಂಟರುಗಳು ಈಗ ಬೆರಳೆಣಿಕೆಯಷ್ಟು. ಯಾರ ಕೈ ಯಾವ ಕೆಲಸಕ್ಕೆ ಒಳ್ಳೆಯದೆಂಬ ತಿಳಿವಳಿಕೆಯನ್ನು ಸವಾರರು ಗುಟ್ಟಾಗಿಟ್ಟುಕೊಳ್ಳುವುದಿಲ್ಲ. ಹೊಸಬರನ್ನು ಖುದ್ದಾಗಿ ಕರೆದುಕೊಂಡು ಹೋಗಿ ಪರಿಚಯ ಮಾಡಿಸುತ್ತಾರೆ. ಬಿಡಿಭಾಗಗಳದ್ದೂ ಹೀಗೆಯೇ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು, ಬಾಗಿಲು ಹಾಕಿದ ಡೀಲರುಗಳ ಹಳೆಯ ದಾಸ್ತಾನು, ಚೆಕ್ ದೇಶದಲ್ಲಿ ಇಂದಿಗೂ ತಯಾರಾಗುವ ಭಾಗಗಳು, ಎಲ್ಲಿ ಏನು ಸಿಕ್ಕರೂ ಸುದ್ದಿ ಬಳಗದೊಳಗೆ ಹರಡುತ್ತದೆ. ಒಂದೇ ಬೇಕಿದ್ದರೂ ಎರಡು ಕೊಂಡು, ಇನ್ನೊಂದನ್ನು ಮುಂದೆ ಕೇಳಿಕೊಂಡು ಬರುವವರಿಗೆ ಎತ್ತಿಡುವವರಿದ್ದಾರೆ.

ಭಾನುವಾರದ ಸವಾರಿ

ವಾರದ ಭೇಟಿ ಬೆಳಗ್ಗೆ ಆರಕ್ಕೋ ಆರೂವರೆಗೋ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಬೆಂಗಳೂರಿನವರಿಗೆ ನಂದಿ ಬೆಟ್ಟ, ಮದ್ದೂರು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಇವರಿಗೆ ಅದರ ಚಿಂತೆಯಿಲ್ಲ. ಸರ್ವಿಸ್ ರಸ್ತೆ ಹಿಡಿದು, ರಾಮನಗರ, ಚನ್ನಪಟ್ಟಣಗಳ ಪೇಟೆಯೊಳಗೆ ಹಾದು, ಮದ್ದೂರಿನಲ್ಲಿ ವಡೆ ತಿಂದು ಹೋಗುವುದೇ ಈ ಗಾಡಿಗೆ ಒಪ್ಪುವ ಓಟ.

ಗುಂಪಿನಲ್ಲಿ ಹೊರಟಾಗ ವೇಗ ಎಷ್ಟಿರಬೇಕೆಂದು ನಿರ್ಧರಿಸುವುದು ಎಲ್ಲಕ್ಕಿಂತ ಹಳೆಯ ಗಾಡಿ. ದಾರಿ ಬಲ್ಲವರು ಮುಂದೆ, ರಿಪೇರಿ ಬಲ್ಲವರು ಕಟ್ಟಕಡೆಗೆ. ಹಿಂದಿನವರ ಚೀಲದಲ್ಲಿ ಕ್ಲಚ್ ಕೇಬಲ್, ಪ್ಲಗ್, ಪಾಯಿಂಟ್, ಇನ್ಸುಲೇಷನ್ ಟೇಪ್, ಬೈಂಡಿಂಗ್ ವೈರ್ ಇರುತ್ತವೆ. ಯಾರದಾದರೂ ಗಾಡಿ ನಿಂತರೆ ಎಲ್ಲರೂ ನಿಲ್ಲುತ್ತಾರೆ. ಬ್ಯಾಂಕ್ ಮ್ಯಾನೇಜರ್, ಆಟೊ ಚಾಲಕ, ಸಾಫ್ಟ್‌ವೇರ್ ಎಂಜಿನಿಯರ್, ರೈತ, ನಿವೃತ್ತ ಮೇಷ್ಟ್ರು ಒಂದೇ ಎಂಜಿನ್ ಸುತ್ತ ಕುಕ್ಕರಗಾಲಿನಲ್ಲಿ ಕೂತಾಗ, ಯಾರ ಬೆರಳಿಗೆ ಕೆಲಸ ಗೊತ್ತೋ ಅವರ ಮಾತೇ ಅಲ್ಲಿ ನಡೆಯುತ್ತದೆ. ವಯಸ್ಸಾದವರಿಗೆ ಮಂಡಿ ನೋವಿದ್ದರೆ ‘ಬಿಡಿ ಅಂಕಲ್, ನಾನ್ ಹೊಡೀತೀನಿ’ ಎಂದು ಹುಡುಗರು ಕಿಕ್ ಹೊಡೆದು ಗಾಡಿ ಕೈಗೆ ಕೊಡುತ್ತಾರೆ. ಅಪ್ಪನ ಯೆಜ್ಡಿಯನ್ನು ತಾವೇ ಓಡಿಸಿಕೊಂಡು ಬರುವ ಹೆಣ್ಣುಮಕ್ಕಳೂ ಇದ್ದಾರೆ.

ವರ್ಷದ ಹಬ್ಬ ಜುಲೈ ತಿಂಗಳ ಎರಡನೆಯ ಭಾನುವಾರ. ಅಂದು ಅಂತರರಾಷ್ಟ್ರೀಯ ಜಾವಾ–ಯೆಜ್ಡಿ ದಿನ. ಬೆಂಗಳೂರು ಜಾವಾ ಯೆಜ್ಡಿ ಮೋಟಾರ್ ಸೈಕಲ್ ಕ್ಲಬ್ ಸೇರಿದಂತೆ ಹಲವು ಊರುಗಳ ಕೂಟಗಳು ಆ ದಿನ ಗಾಡಿಗಳನ್ನು ಒಂದೆಡೆ ಸೇರಿಸುತ್ತವೆ. ‘ಎಂವೈ’ ಅಕ್ಷರಗಳಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಪ್ಲೇಟುಗಳ ಮುಂದೆ ಫೋಟೊ ತೆಗೆಸಿಕೊಳ್ಳಲು ಜನ ಮುಗಿಬೀಳುತ್ತಾರೆ. ಕಾರ್ಖಾನೆಯಲ್ಲಿ ದುಡಿದವರು ಯಾರಾದರೂ ಬಂದರೆ ಅವರೇ ಅಂದಿನ ಗಣ್ಯರು.

2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನೂ, 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ತಂದಿತು. ಅದರ ಸ್ಥಾಪಕರಲ್ಲಿ ರುಸ್ತುಂ ಅವರ ಮಗ ಬೋಮನ್ ಇರಾನಿಯೂ ಒಬ್ಬರು. ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ ಈ ನಾಲ್ಕು ಸ್ಟ್ರೋಕಿನ ಗಾಡಿಗಳ ಎಂಜಿನ್ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಆದರೂ ಹೊಸ ಗಾಡಿ ಕೊಂಡ ಎಷ್ಟೋ ಹುಡುಗರು ಭಾನುವಾರ ಹಳಬರ ಸಾಲಿನಲ್ಲಿ ಸೇರಿಕೊಂಡು, ಮುಂದೊಂದು ದಿನ ಹಳೆಯದನ್ನೂ ಕೊಳ್ಳುತ್ತಾರೆ. ಬಳಗಕ್ಕೆ ಆ ಲಾಭವಂತೂ ಆಗಿದೆ.

ಉಳಿಯಬೇಕಾದದ್ದು

ಹಳೆಯ ಗಾಡಿ ಇಟ್ಟುಕೊಳ್ಳುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. 15 ವರ್ಷ ದಾಟಿದ ಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಶುಲ್ಕವೂ ಏರಿದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಹಾಳು ಮಾಡಬಲ್ಲದು, ತೇವವನ್ನೂ ಹೀರಿಕೊಳ್ಳುತ್ತದೆ. ವಾರಗಟ್ಟಲೆ ಓಡಿಸದೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ ಎಂದು ಹಿರಿಯ ಸವಾರರು ಹೇಳುವುದು ಅದಕ್ಕೆ.

ಇದೆಲ್ಲಕ್ಕೂ ದಾರಿ ಇದೆ. ದಾರಿ ಕಾಣದಿರುವುದು ಒಂದಕ್ಕೇ. ಕಾರ್ಖಾನೆಯ ಕಾಲದಲ್ಲಿ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳಿಗೆ ವಯಸ್ಸಾಗಿದೆ, ಅವರ ಪಕ್ಕದಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತ ಕಲಿಯುವ ಹುಡುಗರು ಕಡಿಮೆ. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ವಿದ್ಯೆ ಪುಸ್ತಕದಲ್ಲಿಲ್ಲ. ಮೈಸೂರಿನ ಐಟಿಐ, ಪಾಲಿಟೆಕ್ನಿಕ್‌ಗಳು ಈ ಹಿರಿಯರನ್ನು ಕರೆಸಿ ಪಾಠ ಮಾಡಿಸಬಹುದು, ಅವರ ಕೆಲಸವನ್ನು ಹಂತ ಹಂತವಾಗಿ ವಿಡಿಯೊ ಮಾಡಿಡಬಹುದು. ರೇಷ್ಮೆ ಸೀರೆ, ಗಂಧದೆಣ್ಣೆ, ಸೋಪುಗಳನ್ನು ತನ್ನ ಹೆಮ್ಮೆ ಎನ್ನುವ ಊರು ಈ ಗಾಡಿಯ ಕಥೆಗೂ ಒಂದು ಕಾಯಂ ಜಾಗ ಕೊಡಬೇಕು. ಸವಾರರು ತಮ್ಮ ಕೈಯಿಂದ ಆಗುವಷ್ಟನ್ನು ಮೂರು ದಶಕಗಳಿಂದ ಮಾಡುತ್ತಲೇ ಬಂದಿದ್ದಾರೆ. ಇನ್ನು ಊರಿನ ಸರದಿ.

ನಿಮ್ಮ ಹಿತ್ತಲಿನಲ್ಲೋ ಕೊಟ್ಟಿಗೆಯಲ್ಲೋ ತಾತನ ಜಾವಾ ನಿಂತಿದ್ದರೆ ಗುಜರಿಗೆ ಹಾಕಬೇಡಿ. ಆರ್‌ಸಿ ಪುಸ್ತಕ ಹುಡುಕಿಡಿ, ಅದು ಎಂಜಿನ್ನಿನಷ್ಟೇ ಮುಖ್ಯ. ಮೊದಲ ಸಲ ನೋಂದಣಿಯಾಗಿ 50 ವರ್ಷ ಮೀರಿದ್ದರೆ 2021ರ ನಿಯಮದಂತೆ ವಿಂಟೇಜ್ ವಾಹನವೆಂದು ನೋಂದಾಯಿಸಲು ಅವಕಾಶವಿದೆ. ಹಾಗೆ ನೋಂದಾಯಿಸಿದ ಮೇಲೆ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದು. ಉತ್ಸಾಹದಲ್ಲಿ ಒಮ್ಮೆಲೇ ಕಿಕ್ ಹೊಡೆಯಬೇಡಿ. ಟ್ಯಾಂಕಿನ ಹಳೆಯ ಪೆಟ್ರೋಲ್ ತೆಗೆದು ತುಕ್ಕು ತೊಳೆಸಿ. ಪ್ಲಗ್ ಬಿಚ್ಚಿ, ಸಿಲಿಂಡರಿನೊಳಕ್ಕೆ ಸ್ವಲ್ಪ ಆಯಿಲ್ ಬಿಟ್ಟು ಒಂದೆರಡು ದಿನ ಹಾಗೇ ಇಡಿ. ಆಮೇಲೆ ಹತ್ತಿರದ ಜಾವಾ ಸವಾರರನ್ನು ವಿಚಾರಿಸಿ. ಗಾಡಿ ಎಲ್ಲಿದೆ ಎಂದು ಹೇಳಿದರೆ ಸಾಕು, ಭಾನುವಾರ ಬೆಳಗ್ಗೆ ಟೂಲ್ ಕಿಟ್ ಹಿಡಿದು ನಿಮ್ಮ ಮನೆಗೇ ಬರುತ್ತಾರೆ.